ದಿನಾ ಹೈವೇ ಮೇಲೆ ಬೈಕು: ಹೆಲ್ಮೆಟ್ ಒಂದೇ ಸಾಕಾ, ಜಾಕೆಟ್ಟೂ ಬೇಕಾ?

ಬೆಣ್ಣೆದೋಸೆ ರೈಡರ್
ನಮಸ್ಕಾರ. ಮನೆ ದಾವಣಗೆರೆ ವಿದ್ಯಾನಗರ, ಕೆಲಸ ಚಿತ್ರದುರ್ಗದಲ್ಲಿ. ಬಸ್ಸಿನ ಟೈಮಿಗೂ ನಮ್ಮ ಆಫೀಸ್ ಟೈಮಿಗೂ ಹೊಂದುವುದಿಲ್ಲ, ಹಾಗಾಗಿ ಹೆಚ್ಚಿನ ದಿನ ಬೈಕೇ. 150 ಸಿಸಿ ಗಾಡಿ, ಒಂದು ಕಡೆಗೆ ಅರವತ್ತು ಕಿಲೋಮೀಟರ್, ಪೂರ್ತಿ 48ನೇ ಹೈವೇ. ಫುಲ್ ಫೇಸ್ ಹೆಲ್ಮೆಟ್ ಇದೆ, ಶೂ ಹಾಕುತ್ತೇನೆ, ಅಷ್ಟೇ.

ಮೊನ್ನೆ ಅಂಗಡಿಯಲ್ಲಿ ಜಾಕೆಟ್ ನೋಡಿ ಬಂದೆ. ಎಂಟು ಸಾವಿರ ಅಂದರು. ಗ್ಲೌಸ್, ಮೊಣಕಾಲು ಗಾರ್ಡ್, ಬೂಟು ಎಲ್ಲಾ ಸೇರಿಸಿದರೆ ಇಪ್ಪತ್ತು ಸಾವಿರ ದಾಟುತ್ತದೆ. ಭಾವನಿಗೆ ಹೇಳಿದರೆ "ಏನಪ್ಪಾ, ಚಂದ್ರಯಾನಕ್ಕೆ ಹೊರಟ್ಯಾ" ಅಂತ ನಗುತ್ತಾರೆ. ಏಪ್ರಿಲ್ ಬಿಸಿಲಲ್ಲಿ ಆನಗೋಡು ದಾಟುವಷ್ಟರಲ್ಲೇ ಶರ್ಟು ಒದ್ದೆ, ಅದರ ಮೇಲೆ ಜಾಕೆಟ್ ಬೇರೆ ಅಂದ್ರೆ? ದಿನಾ ಓಡಾಡುವವರು ನಿಜವಾಗಿ ಏನೇನು ಹಾಕುತ್ತೀರಿ? ಯಾವುದು ಬೇಕೇ ಬೇಕು, ಯಾವುದು ಶೋಕಿ? ವಿಡಿಯೋದವರ ಮಾತು ಬೇಡ, ಅವರಿಗೆ ಎಲ್ಲಾ ಫ್ರೀ ಬರುತ್ತದೆ.

ಕೋಟೆ ಹುಡುಗ
ಎಲ್ಲಾ ಬೇಕು. ಚರ್ಚೆ ಮುಗಿಯಿತು.

ಭರಮಸಾಗರ ಸ್ಪ್ಲೆಂಡರ್
ಏನೂ ಬೇಡ. ಹೆಲ್ಮೆಟ್ ಸಾಕು, ಅದೂ ಪೊಲೀಸರ ಸಲುವಾಗಿ. ನಾವು ಈರುಳ್ಳಿ ಚೀಲ ಕಟ್ಟಿಕೊಂಡು ಓಡಾಡುವವರು, ನಲವತ್ತರ ಮೇಲೆ ಹೋಗುವುದೇ ಇಲ್ಲ. ನಿಧಾನ ಹೋಗುವವನಿಗೆ ಯಾಕ್ರೀ ಜಾಕೆಟ್ಟು? ಹೆದರಿಸಿ ಮಾರುವ ವ್ಯಾಪಾರ ಇದು.

ಗಾಳಿಗುಡ್ಡ
ಸ್ಪ್ಲೆಂಡರ್ ಅಣ್ಣ, ನಿಧಾನ ಹೋಗುವುದು ಒಳ್ಳೆಯದೇ, ಬೇಡ ಅನ್ನಲಿಲ್ಲ. ಆದರೆ ತಲೆ ನೆಲಕ್ಕೆ ಬಡಿಯುವ ಸ್ಪೀಡು ಬೇರೆ, ಗಾಡಿ ಸ್ಪೀಡು ಬೇರೆ. ಗಾಡಿ ನಿಂತಿದ್ದರೂ, ಒಂದೂವರೆ ಮೀಟರ್ ಎತ್ತರದಿಂದ ತಲೆ ಕೆಳಗೆ ಬಂದರೆ ನೆಲ ಮುಟ್ಟುವಾಗ ಹತ್ತಿರ ಹತ್ತಿರ 20 ಕಿಲೋಮೀಟರ್ ವೇಗ ಇರುತ್ತದೆ. ಹೈಸ್ಕೂಲು ಲೆಕ್ಕ, ಯಾರು ಬೇಕಾದರೂ ಹಾಕಿ ನೋಡಬಹುದು. ಸಿಗ್ನಲ್‌ನಲ್ಲಿ ಕಾಲು ಜಾರಿ ಬಿದ್ದರೂ ಅಷ್ಟು ಪೆಟ್ಟು ಖಂಡಿತ. ಹೆಲ್ಮೆಟ್ ಪೊಲೀಸರಿಗೆ ಅನ್ನುವ ಮಾತು ಬಿಟ್ಟುಬಿಡಿ.

ಇನ್ನು ಪ್ರಶ್ನೆ ಕೇಳಿದವರಿಗೆ. ನಾನು ದುರ್ಗದ ಗಾಳಿಯಂತ್ರಗಳ ಕಡೆ ಕೆಲಸ ಮಾಡುವವನು. ಅಲ್ಲಿ ಹೆಲ್ಮೆಟ್, ಬೆಲ್ಟ್ ಇಲ್ಲದೆ ಟವರ್ ಹತ್ತಲು ಬಿಡುವುದಿಲ್ಲ. ಅದೇ ಹುಡುಗರು ಸಂಜೆ ಗೇಟಿನಿಂದ ಹೊರಗೆ ಬರುತ್ತಿದ್ದ ಹಾಗೆ ಹೆಲ್ಮೆಟ್ಟನ್ನು ಕನ್ನಡಿಗೆ ನೇತುಹಾಕಿಕೊಂಡು ಹೋಗುತ್ತಾರೆ. ಹೈವೇಯಲ್ಲಿ ಆಷಾಢದ ಗಾಳಿ ಅಡ್ಡ ಹೊಡೆಯುವುದು ಹೇಗೆ ಅಂತ ಓಡಾಡುವವರಿಗೆ ಗೊತ್ತು. ಲಾರಿ ಮರೆಯಿಂದ ಹೊರಗೆ ಬಂದ ತಕ್ಷಣ ಗಾಡಿಯನ್ನು ಒಂದಡಿ ಪಕ್ಕಕ್ಕೆ ತಳ್ಳಿಬಿಡುತ್ತದೆ.

ಹದಡಿ ರೋಡ್
ಹೆಲ್ಮೆಟ್ ಇಲ್ಲಾಂದ್ರೆ ಫೈನ್ ಐನೂರಾ, ಸಾವಿರಾನಾ ಈಗ?

ಟೂಲ್‌ಕಿಟ್
@ಹದಡಿ ರೋಡ್, 2019ರ ತಿದ್ದುಪಡಿಯಲ್ಲಿ ಕೇಂದ್ರ ಇಟ್ಟಿದ್ದು ಸಾವಿರ. ನಮ್ಮ ರಾಜ್ಯ ಅದೇ ವರ್ಷ ಐನೂರಕ್ಕೆ ಇಳಿಸಿತು. ಆದರೆ ಕಾಯ್ದೆಯಲ್ಲಿ ಮೂರು ತಿಂಗಳು ಲೈಸೆನ್ಸ್ ಅಮಾನತು ಮಾಡುವ ಮಾತೂ ಇದೆ, ಅದನ್ನು ಯಾರೂ ನೆನಪಿಡುವುದಿಲ್ಲ.

ಡ್ಯೂಟಿ ಅಕ್ಕ
ನಾನು ಆರ್ಥೋ ವಾರ್ಡಿನಲ್ಲಿ ನರ್ಸ್. ಯಾವ ಆಸ್ಪತ್ರೆ ಅಂತ ಕೇಳಬೇಡಿ. ಜಾಕೆಟ್ ಬಗ್ಗೆ ಆಮೇಲೆ ಜಗಳ ಆಡಿ, ಮೊದಲು ಗ್ಲೌಸ್ ತಗೊಳ್ಳಿ.

ಬೀಳುವಾಗ ಯಾರೇ ಆದರೂ ಮೊದಲು ಕೈ ಊರುತ್ತಾರೆ. ಬೇಡ ಅಂದರೂ ಕೈ ಮುಂದೆ ಹೋಗೇ ಹೋಗುತ್ತದೆ. ಆಗ ಅಂಗೈಯ ಬುಡದ ದಪ್ಪ ಭಾಗ ರಸ್ತೆಗೆ ಉಜ್ಜುತ್ತದೆ. ನಮ್ಮ ಹತ್ತಿರ ಬರುವಾಗ ಅದರಲ್ಲಿ ಜಲ್ಲಿ ಚೂರು, ಮರಳು, ಟಾರಿನ ಪುಡಿ ಎಲ್ಲಾ ಸೇರಿಕೊಂಡಿರುತ್ತದೆ. ಸಲೈನ್ ಬಿಟ್ಟು ತೊಳೆಯಬೇಕು, ಗಾಜ್ ಬಟ್ಟೆಯಲ್ಲಿ ಉಜ್ಜಬೇಕು, ಆಗಲೂ ಹೋಗದ ಚೂರನ್ನು ಇಕ್ಕಳದಲ್ಲಿ ಒಂದೊಂದೇ ಕೀಳಬೇಕು. ಪಾಪ ಅಂತ ಬಿಟ್ಟರೆ ಚರ್ಮ ಕೂಡಿದ ಮೇಲೂ ಒಳಗೆ ನೀಲಿ ಮಚ್ಚೆಯಾಗಿ ಉಳಿದುಬಿಡುತ್ತದೆ. ದೊಡ್ಡ ದೊಡ್ಡ ಗಂಡಸರು ಕಾಲು ಮುರಿದಾಗ ಸುಮ್ಮನಿದ್ದು ಇದಕ್ಕೆ ಕಿರುಚಿದ್ದನ್ನು ನೋಡಿದ್ದೇನೆ. ಎರಡೂ ಅಂಗೈಗೆ ಬ್ಯಾಂಡೇಜ್ ಬಿದ್ದರೆ ಊಟ ಮಾಡಿಸಲೂ ಒಬ್ಬರು ಬೇಕು, ತೊಳೆಯಲೂ ಒಬ್ಬರು ಬೇಕು. ಯೋಚನೆ ಮಾಡಿ.

ಇನ್ನೊಂದು, ಹೆಬ್ಬೆರಳಿನ ಬುಡದಲ್ಲಿ ಮಣಿಕಟ್ಟಿನ ಹತ್ತಿರ ಸ್ಕೇಫಾಯ್ಡ್ ಅಂತ ಒಂದು ಚಿಕ್ಕ ಮೂಳೆ ಇದೆ. ಕೈ ಊರಿ ಬಿದ್ದವರಲ್ಲಿ ಅದು ಬಿರುಕು ಬಿಡುತ್ತದೆ. ಮೊದಲ ದಿನದ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. "ಉಳುಕಿದೆ ಅಷ್ಟೇ" ಅಂತ ಎಣ್ಣೆ ತಿಕ್ಕಿಸಿಕೊಂಡು ತಿಂಗಳಾದ ಮೇಲೆ ಬರುತ್ತಾರೆ. ಆ ಮೂಳೆಗೆ ರಕ್ತ ಹರಿಯುವುದೇ ಕಡಿಮೆ, ಕೂಡುವುದು ಬಹಳ ನಿಧಾನ.

ಭರಮಸಾಗರ ಸ್ಪ್ಲೆಂಡರ್
ಅಕ್ಕಾ, ಬೆಳಗ್ಗೆ ತಿಂಡಿ ತಿನ್ನುತ್ತಾ ಓದುತ್ತಿದ್ದೆ.

ಮಂಡಕ್ಕಿ ಮಿರ್ಚಿ
ಯಾವ ತಿಂಡಿ? ಮುಖ್ಯ ವಿಷಯ ಹೇಳಿ.

ಟೂಲ್‌ಕಿಟ್
ಡ್ಯೂಟಿ ಅಕ್ಕ ಹೇಳಿದ್ದಕ್ಕೆ ಸೇರಿಸುತ್ತೇನೆ. ಗ್ಲೌಸ್ ತಗೊಳ್ಳುವಾಗ ಎಲ್ಲರೂ ಗೆಣ್ಣಿನ ಮೇಲಿರುವ ಗಟ್ಟಿ ಪ್ಲಾಸ್ಟಿಕ್ ನೋಡುತ್ತಾರೆ, ಅದು ಕಾಣಲು ಚೆಂದ. ಅಂಗೈ ಕಡೆ ತಿರುಗಿಸಿ ನೋಡಿ. ಬುಡದಲ್ಲಿ ಒಂದು ನುಣುಪಾದ ಬಿಲ್ಲೆ ಇರಬೇಕು, ಅದು ರಸ್ತೆಗೆ ಕಚ್ಚಿಕೊಳ್ಳದೆ ಜಾರಬೇಕು. ಮಣಿಕಟ್ಟಿನ ಪಟ್ಟಿ ಬಿಗಿ ಮಾಡಿ, ಬೆರಳ ತುದಿ ಹಿಡಿದು ಎಳೆಯಿರಿ. ಕಳಚಿ ಬಂದರೆ ಅಂಥದ್ದು ಬೇಡ. ಬೀಳುವಾಗ ಮೊದಲು ಹಾರಿ ಹೋಗುವುದೇ ಅದು. ಎರಡು ಸಾವಿರದ ಒಳಗೆ ಒಳ್ಳೆಯದೇ ಸಿಗುತ್ತದೆ.

ಜಾಕೆಟ್ ಬಿಸಿಲಿನ ವಿಚಾರ. ಬೇಸಿಗೆಗೆ ಮೆಶ್ ಜಾಕೆಟ್ ಅಂತ ಬರುತ್ತದೆ, ಎದೆ ಮತ್ತು ತೋಳಿನ ಕಡೆ ಬಲೆ ಬಲೆ ಇರುತ್ತದೆ, ಗಾಳಿ ಸೀದಾ ಒಳಗೆ. ಗಾಡಿ ಓಡುತ್ತಿರುವವರೆಗೂ ತೊಂದರೆ ಇಲ್ಲ. ನಿಂತರೆ ಸೆಖೆ, ಅದು ನಿಜ. ನಾನು ಒಳಗೆ ಹತ್ತಿ ಬನಿಯನ್ ಒದ್ದೆ ಮಾಡಿ, ಹಿಂಡಿ, ಹಾಕಿಕೊಳ್ಳುತ್ತೇನೆ. ಭರಮಸಾಗರದವರೆಗೂ ಕೂಲರ್ ಕೆಲಸ ಮಾಡುತ್ತದೆ. ಆಮೇಲೆ ಒಣಗಿರುತ್ತದೆ, ಟೀ ಕುಡಿದು ಇನ್ನೊಂದು ಸಲ ಒದ್ದೆ ಮಾಡಿಕೊಳ್ಳುತ್ತೇನೆ.

ಶಾಂತಿಸಾಗರ
38 ಡಿಗ್ರಿ ಮೇಲೆ ಹೋದ ಮೇಲೆ ಮೆಶ್ ಉಪಯೋಗ ಇಲ್ಲ ಸಾರ್. ಮೈ ಬಿಸಿಗಿಂತ ಹೊರಗಿನ ಗಾಳಿಯೇ ಬಿಸಿ, ಸುಮ್ನೆ ಒಲೆ ಮುಂದೆ ಕೂತ ಹಾಗೆ.

ಟೂಲ್‌ಕಿಟ್
ಅರ್ಧ ಸರಿ. ಗಾಳಿ ಬಿಸಿ ಇದ್ದರೂ ಬೆವರು ಒಣಗುವಾಗ ತಂಪಾಗುತ್ತದೆ, ಅದಕ್ಕೇ ಬನಿಯನ್ ಒದ್ದೆ ಮಾಡುವುದು. ಅರ್ಧ ತೋಳಿನ ಶರ್ಟಲ್ಲಿ ಹೋದರೆ ಬೆವರು ಬಂದದ್ದೇ ಗೊತ್ತಾಗುವುದಿಲ್ಲ, ಬಂದ ಹಾಗೆ ಹಾರಿಹೋಗುತ್ತದೆ, ಮೈಯಲ್ಲಿನ ನೀರು ಖಾಲಿ. ಜತೆಗೆ ತೋಳು ಸುಟ್ಟು ಕಪ್ಪಾಗುತ್ತದೆ. ಹೊಲದಲ್ಲಿ ಕೆಲಸ ಮಾಡುವವರು ಬಿಸಿಲಿಗೆ ತುಂಬು ತೋಳು ಹಾಕಿ ತಲೆಗೆ ಟವೆಲ್ ಸುತ್ತುತ್ತಾರಲ್ಲ, ಯಾಕೆ ಅಂತ ಸ್ಪ್ಲೆಂಡರ್ ಅಣ್ಣನನ್ನೇ ಕೇಳಿ.

ಭರಮಸಾಗರ ಸ್ಪ್ಲೆಂಡರ್
ಅದನ್ನು ಒಪ್ಪುತ್ತೇನೆ. ಆದರೆ ಟವೆಲ್ಲಿಗೆ ಎಂಟು ಸಾವಿರ ಯಾರೂ ಕೇಳಿಲ್ಲ.

ಕೋಟೆ ಹುಡುಗ
ಎಂಟು ಸಾವಿರ ಜಾಸ್ತಿ ಅನ್ನುವವರು ಫೋನಿಗೆ ಎಷ್ಟು ಕೊಟ್ಟಿದ್ದೀರಿ ಅಂತಲೂ ಹೇಳಿ. ಫೋನಿಗೆ ಕವರು, ಗ್ಲಾಸು ಎಲ್ಲಾ ಹಾಕಿಸುತ್ತೀರಿ, ಮೊಣಕೈಗೆ ಏನೂ ಇಲ್ಲ.

ಗಾಳಿಗುಡ್ಡ
ಜಾಕೆಟ್ ಬೆಲೆ ನೋಡುವುದಕ್ಕಿಂತ ಒಳಗಿನ ಪ್ಯಾಡ್ ನೋಡಿ. ಭುಜ ಮತ್ತು ಮೊಣಕೈ ಹತ್ತಿರ ಒಳಗೆ ಜೇಬು ಇರುತ್ತದೆ, ಅಂಗಡಿಯಲ್ಲೇ ವೆಲ್ಕ್ರೋ ಬಿಚ್ಚಿ ಪ್ಯಾಡ್ ಹೊರಗೆ ಎಳೆಯಿರಿ. ಯಾರೂ ಬೈಯುವುದಿಲ್ಲ. ಅದರ ಮೇಲೆ ಬೈಕಿನ ಚಿತ್ರ, ಇಎನ್ 1621 ಅನ್ನುವ ಯುರೋಪಿನ ಗುಣಮಟ್ಟದ ನಂಬರು, 1 ಅಥವಾ 2 ಅಂತ ಲೆವೆಲ್ಲು ಅಚ್ಚಾಗಿರಬೇಕು. ಭುಜಕ್ಕೆ ಎಸ್, ಮೊಣಕೈಗೆ ಇ, ಮೊಣಕಾಲಿಗೆ ಕೆ, ಬೆನ್ನಿಗೆ ಬಿ ಅಂತ ಅಕ್ಷರ. ಬೆನ್ನಿನ ಕಡೆ ಬಹಳ ಜಾಕೆಟ್‌ಗಳಲ್ಲಿ ಬರೀ ಸ್ಪಾಂಜ್ ತುಂಡು ತುರುಕಿರುತ್ತಾರೆ. ಮುಟ್ಟಿದರೆ ದಪ್ಪ ಅನ್ನಿಸುತ್ತದೆ, ಮೇಲೆ ಏನೂ ಬರೆದಿರುವುದಿಲ್ಲ. ಅದನ್ನು ತೆಗೆದುಹಾಕಿ, ಬೇರೆ ಲೆವೆಲ್ 2 ಪ್ಯಾಡ್ ಕೊಂಡು ಹಾಕಿಕೊಳ್ಳುವುದು ಒಳ್ಳೆಯದು.

ಲೆವೆಲ್ ಅಂದರೆ ಏನು ಅಂತ ಕೇಳುವವರಿಗೆ: ಭುಜ, ಮೊಣಕೈ, ಮೊಣಕಾಲಿನ ಪ್ಯಾಡ್ ಮೇಲೆ 50 ಜೂಲ್ ಪೆಟ್ಟು ಹಾಕುತ್ತಾರೆ, ಅಂದರೆ ಐದು ಕೇಜಿ ತೂಕವನ್ನು ಒಂದು ಮೀಟರ್ ಮೇಲಿಂದ ಬಿಟ್ಟ ಹಾಗೆ. ಕೆಳಗೆ ದಾಟಿ ಬರುವ ಬಲದ ಸರಾಸರಿ 35 ಕಿಲೋನ್ಯೂಟನ್ ಒಳಗಿದ್ದರೆ ಲೆವೆಲ್ 1, 20ರ ಒಳಗಿದ್ದರೆ ಲೆವೆಲ್ 2. ಇದರಲ್ಲೇ ಗೊತ್ತಾಗುತ್ತದೆ, ಇದು ನೆಲಕ್ಕೆ ಬೀಳುವ ಪೆಟ್ಟಿಗೆ ಮಾಡಿದ್ದು. ಡಿವೈಡರ್‌ಗೆ, ನಿಂತ ಲಾರಿಯ ಹಿಂಭಾಗಕ್ಕೆ ಹೋಗಿ ಗುದ್ದಿದರೆ ಯಾವ ಪ್ಯಾಡೂ ಕಾಪಾಡುವುದಿಲ್ಲ. ಅಂಗಡಿಯವರು ಇದನ್ನು ಹೇಳುವುದಿಲ್ಲ.

ಶಾಂತಿಸಾಗರ
ನನ್ನ ವಾದವೂ ಅದೇ. ಕಾಪಾಡುವುದಿಲ್ಲ ಅಂದಮೇಲೆ ಯಾಕೆ? ಉಲ್ಟಾ, ಇದನ್ನು ಹಾಕಿಕೊಂಡ ಹುಡುಗರೇ ಹೈವೇಯಲ್ಲಿ ನೂರಿಪ್ಪತ್ತು ಹೊಡೆಯುತ್ತಾರೆ. ಮೈಮೇಲೆ ಜಾಕೆಟ್ ಬಿತ್ತು ಅಂದರೆ ಧೈರ್ಯ ಬಂತು. ಭಾನುವಾರ ಬೆಳಗ್ಗೆ ಬೆಂಗಳೂರಿನಿಂದ ಬರುತ್ತಾರಲ್ಲ ಗುಂಪು ಗುಂಪು, ಹಿರಿಯೂರು ದಾಟಿದ ಮೇಲೆ ನೋಡಬೇಕು.

ಕೋಟೆ ಹುಡುಗ
ಅವರು ಜಾಕೆಟ್ ಇಲ್ಲದಿದ್ದರೂ ಹಾಗೇ ಹೊಡೆಯುತ್ತಿದ್ದರು ಸಾರ್. ಹವಾಯಿ ಚಪ್ಪಲಿ ಹಾಕಿಕೊಂಡು ನೂರು ಹೋಗುವವರನ್ನು ನಮ್ಮ ಮೆದೇಹಳ್ಳಿ ರೋಡಲ್ಲೇ ತೋರಿಸುತ್ತೇನೆ ಬನ್ನಿ.

ಗಾಳಿಗುಡ್ಡ
ಶಾಂತಿಸಾಗರ ಅವರೇ, ಸಾವು ಒಂದೇ ಲೆಕ್ಕ ಅಲ್ಲ. ಅರವತ್ತರಲ್ಲಿ ಜಾರಿ ಬಿದ್ದರೆ ನಿಲ್ಲುವ ಹೊತ್ತಿಗೆ ಇಪ್ಪತ್ತು ಮೀಟರ್ ಮೇಲೆ ಉಜ್ಜಿಕೊಂಡು ಹೋಗಿರುತ್ತೀರಿ. ಸಾದಾ ಜೀನ್ಸ್ ಒಂದು ಸೆಕೆಂಡ್ ತಡೆದರೆ ಪುಣ್ಯ. ಜಾಕೆಟ್ ಇದ್ದವನು ಎದ್ದು ಧೂಳು ಕೊಡವಿಕೊಂಡು ಮನೆಗೆ ಹೋಗುತ್ತಾನೆ, ಇಲ್ಲದವನು ಎರಡು ತಿಂಗಳು ಕೆಲಸ ಬಿಟ್ಟು ಮನೆಯಲ್ಲಿ ಕೂರುತ್ತಾನೆ. ದಿನಗೂಲಿಯವನಿಗೆ ಆ ಎರಡು ತಿಂಗಳ ಬೆಲೆ ಎಷ್ಟು ಹೇಳಿ.

ಜೋಳದ ತೆನೆ
ನೀವೆಲ್ಲಾ ಲಾರಿ, ಸ್ಪೀಡು ಅಂತ ಮಾತಾಡುತ್ತಿದ್ದೀರಿ. ನಮ್ಮ ಕಡೆ ಬೀಳಿಸುವುದು ಮೆಕ್ಕೆಜೋಳ. ಜಗಳೂರು ರೋಡಲ್ಲಿ ಸುಗ್ಗಿಯ ಟೈಮಲ್ಲಿ ಬನ್ನಿ. ರಸ್ತೆ ಅರ್ಧಕ್ಕೆ ಕಾಳು ಹರವಿ, ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ರಾಶಿ ಎತ್ತಿಕೊಂಡು ಹೋದ ಮೇಲೂ ಉದುರಿದ ಕಾಳು ಟಾರಿನ ಮೇಲೆ ಹಾಗೇ ಬಿದ್ದಿರುತ್ತದೆ. ತಿರುವಲ್ಲಿ ಮುಂದಿನ ಗಾಲಿ ಅದರ ಮೇಲೆ ಹೋಯಿತೋ, ಬ್ರೇಕ್ ಹಿಡಿದೆಯೋ, ಮುಗೀತು. ಮೂವತ್ತು ಸ್ಪೀಡಿನಲ್ಲೂ ಅಷ್ಟೇ. ರಾತ್ರಿ ಅಂಚಿನ ಕಲ್ಲೂ ಕಾಣುವುದಿಲ್ಲ. ಇಂಥ ಬೀಳುವಿಕೆಗೆ ಗ್ಲೌಸು, ಮೊಣಕಾಲು ಗಾರ್ಡ್ ಎರಡೇ ಸಾಕು, ಬಹಳ ಉಳಿಸುತ್ತದೆ.

ಭರಮಸಾಗರ ಸ್ಪ್ಲೆಂಡರ್
ಕಣ ಎಲ್ಲಿದೆ ಹೇಳಿ ಈಗ? ಕಾಂಕ್ರೀಟ್ ಕಣ ಮಾಡಿಕೊಡಿ, ರಸ್ತೆಗೆ ಯಾಕೆ ಬರುತ್ತಾರೆ ರೈತರು.

ಜೋಳದ ತೆನೆ
ನಮ್ಮನೆಯವರೂ ಹರವುತ್ತಾರೆ ಅಣ್ಣಾ, ಬೈದಿದ್ದಲ್ಲ. ಇರುವುದನ್ನು ಹೇಳಿದೆ.

ಹದಡಿ ರೋಡ್
ಪಿಬಿ ರೋಡಲ್ಲಿ ಹೆಲ್ಮೆಟ್ ರಾಶಿ ಹಾಕಿ ಮುನ್ನೂರಕ್ಕೆ ಮಾರುತ್ತಾರಲ್ಲ, ಅದರ ಮೇಲೂ ಐಎಸ್‌ಐ ಇದೆ. ಆಗಲ್ವಾ?

ಟೂಲ್‌ಕಿಟ್
ಸ್ಟಿಕ್ಕರ್ ಯಾರು ಬೇಕಾದರೂ ಅಂಟಿಸಬಹುದು. ಗುರುತಿನ ಮೇಲೆ ಐಎಸ್ 4151 ಅಂತ, ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರಬೇಕು. ಬಿಐಎಸ್ ಕೇರ್ ಅನ್ನುವ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಯಾವ ಕಂಪನಿಯದು ಅಂತ ಬರುತ್ತದೆ. 2021ರ ಜೂನ್ 1ರಿಂದ ಐಎಸ್‌ಐ ಇಲ್ಲದ ಹೆಲ್ಮೆಟ್ ಮಾರುವುದೇ ತಪ್ಪು. ಅಸಲಿ ಸಾವಿರ ರೂಪಾಯಿ ಆಸುಪಾಸಿನಲ್ಲೇ ಸಿಗುತ್ತದೆ, ಮುನ್ನೂರಕ್ಕೆ ಯಾಕೆ ಹೋಗುತ್ತೀರಿ?

ಸೈಜು ಇನ್ನೂ ಮುಖ್ಯ. ಹುಬ್ಬಿನ ಮೇಲೆ ಒಂದು ಬೆರಳು ಬಿಟ್ಟು ಟೇಪಿನಲ್ಲಿ ತಲೆ ಸುತ್ತಳತೆ ನೋಡಿ. ಹಾಕಿದಾಗ ಕೆನ್ನೆ ಒಳಗೆ ಒತ್ತಿ ಬಾಯಿ ಸ್ವಲ್ಪ ಮುಂದೆ ಬರಬೇಕು. ಬಕಲ್ ಹಾಕಿ, ಹಿಂದಿನಿಂದ ಕೈ ಹಾಕಿ ಮೇಲಕ್ಕೆ ಎತ್ತಿ ಮುಂದಕ್ಕೆ ಉರುಳಿಸಲು ನೋಡಿ. ತಲೆಯಿಂದ ಕಳಚಿ ಬಂದರೆ ಅದು ನಿಮ್ಮ ಸೈಜ್ ಅಲ್ಲ. ಒಂದು ಸಲ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಮತ್ತೆ ಬೇಡ. ಹೊರಗೆ ಗೀರು ಅಷ್ಟೇ ಕಾಣುತ್ತದೆ, ಒಳಗಿನ ಥರ್ಮಾಕೋಲ್ ಒಂದು ಸಲ ಅಮುಕಿದರೆ ಮೇಲೆ ಏಳುವುದಿಲ್ಲ.

ನಿವೃತ್ತ ಮೇಷ್ಟ್ರು
ಹೆಲ್ಮೆಟ್ ವಿಷಯ ಬಂತು ಅಂತ ಒಂದು ಹಳೇ ಕಥೆ. ಮೊದಲ ಮಹಾಯುದ್ಧದಲ್ಲಿ ಅರಬ್ಬರ ಜತೆ ಸೇರಿ ತುರ್ಕರ ವಿರುದ್ಧ ಹೋರಾಡಿದ ಬ್ರಿಟಿಷ್ ಅಧಿಕಾರಿ ಟಿ. ಇ. ಲಾರೆನ್ಸ್. ಯುದ್ಧದಲ್ಲಿ ಬದುಕಿ ಬಂದವನು 1935ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಹಳ್ಳಿ ರಸ್ತೆಯಲ್ಲಿ ಬೈಕಿನಿಂದ ಬಿದ್ದ. ಎದುರಿಗಿದ್ದ ಇಬ್ಬರು ಸೈಕಲ್ ಹುಡುಗರನ್ನು ತಪ್ಪಿಸಲು ಹೋಗಿ. ಹೆಲ್ಮೆಟ್ ಇರಲಿಲ್ಲ. ಆರು ದಿನ ಪ್ರಜ್ಞೆ ಬರದೆ ತೀರಿಕೊಂಡ. ಆಗ ನೋಡಲು ಬಂದ ಡಾಕ್ಟರರಲ್ಲಿ ಹ್ಯೂ ಕೇರ್ನ್ಸ್ ಅನ್ನುವ ಮೆದುಳು ಶಸ್ತ್ರಚಿಕಿತ್ಸಕರು ಇದ್ದರು. ಅವರು ಸೈನ್ಯದ ಬೈಕ್ ಸವಾರರ ತಲೆಪೆಟ್ಟಿನ ಬಗ್ಗೆ ಅಧ್ಯಯನ ಮಾಡಿ 1941ರಲ್ಲಿ ಪ್ರಕಟಿಸಿದರು. ಸೈನ್ಯದಲ್ಲಿ ಹೆಲ್ಮೆಟ್ ಬಂತು. ಅದೇ ಬ್ರಿಟನ್‌ನಲ್ಲಿ ಜನಸಾಮಾನ್ಯರಿಗೆ ಕಡ್ಡಾಯ ಆಗಿದ್ದು 1973ರಲ್ಲಿ. ಅಷ್ಟು ವರ್ಷ ಅಲ್ಲೂ ಇದೇ ವಾದ ನಡೆಯಿತು, ನನ್ನ ತಲೆ ನನ್ನಿಷ್ಟ ಅಂತ.

ಮಂಡಕ್ಕಿ ಮಿರ್ಚಿ
ಮೇಷ್ಟ್ರೇ, ಪರೀಕ್ಷೆಗೆ ಬರುತ್ತಾ ಇದು?

ನಿವೃತ್ತ ಮೇಷ್ಟ್ರು
ಬರುತ್ತದೆ. ನಮ್ಮ ದೇಶದ ಲೆಕ್ಕವನ್ನೂ ಬರೆದುಕೊಳ್ಳಿ. 2022ರಲ್ಲಿ ಹೆಲ್ಮೆಟ್ ಹಾಕದೆ ಸತ್ತವರು 50,029 ಅಂತ ಕೇಂದ್ರ ಸಾರಿಗೆ ಇಲಾಖೆಯ ವರದಿ. ಅದರಲ್ಲಿ ಹದಿನಾಲ್ಕು ಸಾವಿರದ ಮೇಲೆ ಹಿಂದೆ ಕೂತವರು.

ಅಂಬಿಕಾನಗರದ ಸೊಸೆ
ಹಿಂದೆ ಕೂತವರು ಅಂತ ಮೇಷ್ಟ್ರು ಹೇಳಿದ್ದಕ್ಕೆ ಬಾಯಿ ಬಿಡುತ್ತಿದ್ದೇನೆ. ಇಷ್ಟು ಹೊತ್ತು ಎಲ್ಲರೂ ಗಾಡಿ ಓಡಿಸುವವನ ಬಗ್ಗೆಯೇ ಮಾತಾಡಿದಿರಿ. ಯಜಮಾನರಿಗೆ ಮೂರು ಸಾವಿರದ ಹೆಲ್ಮೆಟ್ಟು, ಹಿಂದಿನವಳಿಗೆ ಪೊಲೀಸ್ ಕಂಡರೆ ತಲೆ ಮೇಲೆ ಇಡಲು ಟೋಪಿ ಥರದ್ದು. 2016ರ ಜನವರಿಯಿಂದ ರಾಜ್ಯದಲ್ಲಿ ಹಿಂಬದಿ ಸವಾರರಿಗೂ ಕಡ್ಡಾಯ ಅಲ್ವಾ?

ಇನ್ನು ಸೀರೆ ಗಾರ್ಡ್. ಹೊಸ ಗಾಡಿ ಬಂದ ವಾರದಲ್ಲೇ ಲುಕ್ ಕೆಡುತ್ತದೆ ಅಂತ ನಮ್ಮ ಮೈದುನ ಬಿಚ್ಚಿಸಿ ಅಟ್ಟದ ಮೇಲೆ ಹಾಕಿದ. ನಾವು ಸೆರಗು, ವೇಲು ಹಿಡಿದುಕೊಂಡು ಕೂರಬೇಕು. ಜಾತ್ರೆಗೆ ಹೋಗುವಾಗ ನಮ್ಮ ಓರಗಿತ್ತಿಯ ವೇಲು ಗಾಲಿಗೆ ಸುತ್ತಿಕೊಂಡಿತ್ತು. ಗಾಡಿ ನಿಧಾನ ಇತ್ತು, ಬಟ್ಟೆ ಹರಿದುಬಂತು, ಕುತ್ತಿಗೆಗೆ ಕೆಂಪು ಗೆರೆ ಬಿತ್ತು ಅಷ್ಟೇ. ಸಾವಿರಾರು ರೂಪಾಯಿ ಜಾಕೆಟ್ ಬೇಡ ನಮಗೆ, ಕಂಪನಿಯವರೇ ಕೊಟ್ಟಿದ್ದನ್ನು ಬಿಚ್ಚಬೇಡಿ ಸಾಕು.

ಟೂಲ್‌ಕಿಟ್
ಅಕ್ಕ ಹೇಳಿದ್ದು ನೂರಕ್ಕೆ ನೂರು. ಮೋಟಾರು ವಾಹನ ನಿಯಮ 123ರಲ್ಲೇ ಇದೆ. ಹಿಂದೆ ಕೂತವರಿಗೆ ಹಿಡಿ, ಕಾಲಿಡಲು ಫುಟ್‌ರೆಸ್ಟ್, ಹಿಂಗಾಲಿಯ ಅರ್ಧಕ್ಕಾದರೂ ಬಟ್ಟೆ ಸಿಗದ ಹಾಗೆ ಮರೆ ಇರಲೇಬೇಕು. ಬಿಚ್ಚಿಸಲು ಬರುವವರಿಗೆ ನಾನು ಈ ಮಾತು ಹೇಳುತ್ತೇನೆ, ಪಕ್ಕದ ಗ್ಯಾರೇಜಿಗೆ ಹೋಗಿ ಬಿಚ್ಚಿಸುತ್ತಾರೆ.

ಡ್ಯೂಟಿ ಅಕ್ಕ
ಮಕ್ಕಳದ್ದೂ ಸೇರಿಸಿ. ಟ್ಯಾಂಕ್ ಮೇಲೆ ಮಗು ಕೂರಿಸಿಕೊಂಡು ಹೋಗುವವರನ್ನು ಕಂಡರೆ ಮೈ ಉರಿಯುತ್ತದೆ. ನಾಲ್ಕು ವರ್ಷದ ಒಳಗಿನ ಮಗುವಿಗೆ ಬೆಲ್ಟು, ಹೆಲ್ಮೆಟ್ಟು ಬೇಕು, ಸ್ಪೀಡು ನಲವತ್ತು ದಾಟಬಾರದು ಅಂತ 2023ರ ಫೆಬ್ರವರಿಯಿಂದ ನಿಯಮ. ಬೆಲ್ಟು ಕಟ್ಟಿದ ಒಂದು ಮಗುವನ್ನೂ ಊರಲ್ಲಿ ನಾನು ಕಂಡಿಲ್ಲ.

ಬೆಣ್ಣೆದೋಸೆ ರೈಡರ್
ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಮಾತು ಬರುತ್ತದೆ ಅಂದುಕೊಂಡಿರಲಿಲ್ಲ. ಈ ವಾರ ಗ್ಲೌಸ್ ತಗೊಳ್ಳುತ್ತೇನೆ. ಸಂಬಳ ಆದ ಮೇಲೆ ಮೆಶ್ ಜಾಕೆಟ್, ಪ್ಯಾಡ್ ಹೊರಗೆ ಎಳೆದು ನೋಡಿಯೇ. ಮೊಣಕಾಲಿಗೆ ಪ್ಯಾಂಟ್ ಮೇಲೆ ಕಟ್ಟುವ ಗಾರ್ಡ್ ಸಾಕು ಅನ್ನಿಸುತ್ತದೆ, ಆಫೀಸಲ್ಲಿ ಬಿಚ್ಚಿಡಬಹುದು. ಮನೆಯವಳಿಗೆ ನನ್ನಂಥದ್ದೇ ಹೆಲ್ಮೆಟ್, ಇದು ಸೊಸೆ ಅಕ್ಕ ಬೈದಿದ್ದಕ್ಕೆ. ಒಂದು ಅನುಮಾನ ಉಳಿದಿದೆ: ಊರೊಳಗೆ ಜಯದೇವ ಸರ್ಕಲ್‌ವರೆಗೆ ಹಾಲು ತರಲು ಹೋಗುವಾಗಲೂ ಇದೆಲ್ಲಾ ಹಾಕಬೇಕಾ?

ಗಾಳಿಗುಡ್ಡ
ಹೆಲ್ಮೆಟ್ ಮತ್ತು ಗ್ಲೌಸ್, ಹೌದು. ಉಳಿದದ್ದು ನಾನೂ ಹಾಕುವುದಿಲ್ಲ.

ಕೋಟೆ ಹುಡುಗ
ನಾನು ಹಾಕುತ್ತೇನೆ. ಅಂಗಡಿಯವರು ಪಾರ್ಸಲ್ ಡೆಲಿವರಿಯವನು ಅಂದುಕೊಂಡು ಆರ್ಡರ್ ನಂಬರ್ ಕೇಳುತ್ತಾರೆ.

ಶಾಂತಿಸಾಗರ
ಹಾಲು ತರಲು ನಡೆದು ಹೋಗಿ. ಪೆಟ್ರೋಲೂ ಉಳಿಯುತ್ತದೆ, ಮೊಣಕಾಲೂ ಉಳಿಯುತ್ತದೆ.

ಮಂಡಕ್ಕಿ ಮಿರ್ಚಿ
ಬೆಣ್ಣೆದೋಸೆ ರೈಡರ್ ಅಂತ ಹೆಸರಿಟ್ಟುಕೊಂಡು ದೋಸೆ ಎಲ್ಲಿ ಚೆನ್ನಾಗಿದೆ ಅಂತ ಇನ್ನೂ ಹೇಳಿಲ್ಲ. ಗ್ಲೌಸ್ ಹಾಕಿಕೊಂಡು ತಿನ್ನಲು ಆಗುತ್ತಾ?

ಜೋಳದ ತೆನೆ
ಬೆಣ್ಣೆ ಕೈಯಲ್ಲಿ ಆಕ್ಸಿಲರೇಟರ್ ತಿರುಗಿಸುವುದಕ್ಕಿಂತ ವಾಸಿ.

ಭರಮಸಾಗರ ಸ್ಪ್ಲೆಂಡರ್
ಇಷ್ಟೆಲ್ಲಾ ಓದಿದೆ. ಹೆಲ್ಮೆಟ್ ಬಕಲ್ ಹಾಕುತ್ತೇನೆ, ಅದನ್ನು ಒಪ್ಪಿಕೊಂಡೆ. ಗ್ಲೌಸ್ ನೋಡೋಣ. ಬೂಟು ಮಾತ್ರ ಆಗುವುದಿಲ್ಲ. ಹೊಲಕ್ಕೆ ಹೋಗಿ ಬಿಚ್ಚಿ, ನೀರು ಕಟ್ಟಿ, ಕೆಸರು ಕಾಲಲ್ಲಿ ಮತ್ತೆ ಹಾಕಿ, ಇದೆಲ್ಲಾ ಯಾರು ಮಾಡುತ್ತಾರೆ?

ಟೂಲ್‌ಕಿಟ್
ಗಮ್‌ಬೂಟು ಹಾಕಿ ಅಣ್ಣಾ, ಐನೂರಕ್ಕೆ ಬರುತ್ತದೆ, ಬಿಚ್ಚುವುದೇ ಬೇಡ. ಪಾದ ಮುರಿಯುವುದನ್ನು ತಡೆಯುವುದಿಲ್ಲ, ಸೈಲೆನ್ಸರ್‌ಗೆ ಮೀನಖಂಡ ಸುಡುವುದು ತಪ್ಪುತ್ತದೆ.

ಭರಮಸಾಗರ ಸ್ಪ್ಲೆಂಡರ್
ಗಮ್‌ಬೂಟಲ್ಲಿ ಗೇರ್ ಹಾಕಿ ನೋಡಿದ್ದೀರಾ ನೀವು?

ಟೂಲ್‌ಕಿಟ್
ಇಲ್ಲ.